ಬಿಳಿ ಕಂಬಗಳ ಬಂಗಲೆಯಲ್ಲಿ ಯಾರ ನೆನಪು?

2025ರ ಮೇ 15ರಂದು ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಹಳೆಯ ಬಂಗಲೆಯೊಂದು ಬೆಂಕಿಗೆ ಆಹುತಿಯಾಯಿತು. ಬ್ಯಾಟನ್ ರೂಜ್ ಮತ್ತು ನ್ಯೂ ಆರ್ಲಿಯನ್ಸ್ ನಗರಗಳ ನಡುವೆ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ವೈಟ್ ಕ್ಯಾಸಲ್ ಎಂಬ ಸಣ್ಣ ಊರಿನ ಆ ಮನೆಯ ಹೆಸರು ನಾಟೊವೆ. 1859ರಲ್ಲಿ ಕಟ್ಟಿ ಮುಗಿಸಿದ, 64 ಕೋಣೆಗಳ, ಸುಮಾರು 53 ಸಾವಿರ ಚದರ ಅಡಿಗಳ ಈ ಮನೆ, ಅಂತರ್ಯುದ್ಧಕ್ಕೆ ಮುಂಚಿನ ತೋಟದ ಬಂಗಲೆಗಳಲ್ಲಿ ಉಳಿದುಕೊಂಡಿದ್ದ ಅತಿ ದೊಡ್ಡ ಕಟ್ಟಡವೆಂದು ಹೆಸರಾಗಿತ್ತು. ಸುಟ್ಟುಹೋಗುವ ಹೊತ್ತಿಗೆ ಅದು ಮದುವೆಗಳ, ಮಧುಚಂದ್ರದ, ವಿವಾಹ ವಾರ್ಷಿಕೋತ್ಸವಗಳ ರೆಸಾರ್ಟ್ ಆಗಿತ್ತು.

ಬೆಂಕಿ ಆರುವ ಮುನ್ನವೇ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. ಅಲ್ಲಿ ಮದುವೆಯಾದವರು, ಅದರ ಜಗಲಿಯಲ್ಲಿ ಕುಳಿತು ನದಿಯ ಮೇಲಿನ ಸೂರ್ಯಾಸ್ತ ಕಂಡವರು ಕಣ್ಣೀರು ಹಾಕಿದರು. ಉರಿಯುವ ಮನೆಯ ಚಿತ್ರವನ್ನು ಹಂಚಿಕೊಂಡು ಸಂಭ್ರಮಿಸಿದವರೂ ಅಷ್ಟೇ ಸಂಖ್ಯೆಯಲ್ಲಿದ್ದಂತೆ ಕಂಡಿತು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಒಂದೇ ಕಟ್ಟಡದ ಸಾವು ಒಂದು ದೇಶದ ಒಂದು ಪಾಲಿಗೆ ಶೋಕವೂ ಇನ್ನೊಂದು ಪಾಲಿಗೆ ಸಮಾಧಾನವೂ ಆಗುವುದಾದರೆ, ಆ ಕಟ್ಟಡದ ಬಗ್ಗೆ ಇಷ್ಟು ದಿನ ಯಾರೂ ಪೂರ್ತಿ ಹೇಳದ ಮಾತೊಂದು ಉಳಿದಿತ್ತು ಎಂದೇ ಅರ್ಥ.

ಆ ಮಾತು ಕಠಿಣವಾದುದೇನೂ ಅಲ್ಲ. ನಾಟೊವೆಯನ್ನು ಕಟ್ಟಿಸಿದ ಜಾನ್ ಹ್ಯಾಂಪ್ಡನ್ ರ್‍ಯಾಂಡಾಲ್ಫ್ ಕಬ್ಬು ಬೆಳೆಗಾರ, ಸಕ್ಕರೆಯ ಧಣಿ. 1860ರಲ್ಲಿ ಆತನ ಒಡೆತನದಲ್ಲಿ ಇದ್ದ ಗುಲಾಮರ ಸಂಖ್ಯೆ 155. ಆ ಮನೆಯ ವೈಭವವೆಲ್ಲ ಅವರ ಕಬ್ಬಿನ ಗದ್ದೆಯ ದುಡಿಮೆಯ ಫಲ. ಆದರೆ ರೆಸಾರ್ಟಿನ ಜಾಲತಾಣದ ಇತಿಹಾಸ ಪುಟದಲ್ಲಿ ಆವರಣದ ಹಳೆಯ ಓಕ್ ಮರಗಳ ವಿವರ ಇತ್ತೇ ಹೊರತು ಈ 155 ಜನರ ಪ್ರಸ್ತಾಪ ಇರಲಿಲ್ಲ ಎಂಬುದನ್ನು ಬೆಂಕಿಯ ನಂತರ ಅಲ್ಲಿನ ಪತ್ರಿಕೆಗಳು ಎತ್ತಿ ತೋರಿಸಿದವು. ಮರಗಳಿಗೆ ಸಿಕ್ಕ ಗೌರವ ಮನುಷ್ಯರಿಗೆ ಸಿಗಲಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳ ಗ್ರಾಮೀಣ ಭಾಗ ಇಂದು ದಂಪತಿಗಳ ವಿಹಾರಕ್ಕೆ ಹೆಸರಾದ ಪ್ರದೇಶ. ಜಾರ್ಜಿಯಾ, ಸೌತ್ ಕ್ಯಾರೊಲಿನಾ, ಮಿಸಿಸಿಪ್ಪಿ, ಲೂಸಿಯಾನಗಳ ಹಳ್ಳಿಗಾಡಿನಲ್ಲಿ ಎರಡು ರಾತ್ರಿ ಕಳೆದು ಬರುವುದು ಅಟ್ಲಾಂಟ, ಶಾರ್ಲೆಟ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳಿಗೂ ಹೊಸದೇನಲ್ಲ. ಅಂಥವರು ಹುಡುಕುವುದು ಹೆದ್ದಾರಿ ಬದಿಯ ಒಂದೇ ಅಚ್ಚಿನ ಹೋಟೆಲನ್ನಲ್ಲ, ‘ವಿಶಿಷ್ಟ’ವಾದ ತಂಗುದಾಣವನ್ನು. ಬಿಳಿ ಕಂಬಗಳ ಮೊಗಸಾಲೆ, ತೂಗುಕುರ್ಚಿ, ಓಕ್ ಮರಗಳ ಸಾಲುದಾರಿ, ಬೆಳಗಿನ ಉಪಾಹಾರಕ್ಕೆ ಬಿಸಿ ಬಿಸ್ಕೆಟ್ಟು ಮತ್ತು ಜೋಳದ ಗ್ರಿಟ್ಸ್. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಸ್ಥಳದ ವೈಶಿಷ್ಟ್ಯ ಎಲ್ಲಿಂದ ಬಂತು, ಅದನ್ನು ಯಾರು ಮಾರುತ್ತಿದ್ದಾರೆ, ಏನನ್ನು ಮರೆಮಾಚಿ ಮಾರುತ್ತಿದ್ದಾರೆ ಎಂಬ ಪ್ರಶ್ನೆ ಈ ಆಯ್ಕೆಯೊಳಗೇ ಅಡಗಿದೆ.

ಈ ಬಂಗಲೆಗಳು ತಾವಾಗಿ ಪ್ರಣಯದ ತಾಣಗಳಾಗಲಿಲ್ಲ. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಅವುಗಳ ಆರ್ಥಿಕ ಆಧಾರವೇ ಕುಸಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತಿಗೆ ತಗಲಿದ ಕಾಯಿಕೊರಕ ಕೀಟ, ಆಮೇಲೆ ಬಂದ ಮಹಾ ಆರ್ಥಿಕ ಕುಸಿತ ಉಳಿದುದನ್ನೂ ನುಂಗಿದವು. ಸೋರುವ ಚಾವಣಿಯ ಕೆಳಗೆ ಕುಳಿತಿದ್ದ ಹಳೆಯ ಮನೆತನಗಳಿಗೆ ದಾರಿ ತೋರಿಸಿದ್ದು ಮಿಸಿಸಿಪ್ಪಿಯ ನ್ಯಾಚೆಜ್ ಪಟ್ಟಣ. ಅಲ್ಲಿನ ಶ್ರೀಮಂತ ಮನೆಗಳ ಮಹಿಳೆಯರ ಉದ್ಯಾನ ಸಂಘ 1932ರಲ್ಲಿ ‘ತೀರ್ಥಯಾತ್ರೆ’ ಎಂಬ ಹೆಸರಿನಲ್ಲೇ ಮನೆಗಳನ್ನು ಪ್ರವಾಸಿಗರಿಗೆ ತೆರೆಯಿತು. ಅಗಲ ಲಂಗ ತೊಟ್ಟ ಯುವತಿಯರು ಬಾಗಿಲಲ್ಲಿ ನಿಂತು ಸ್ವಾಗತಿಸಿದರು. 1936ರಲ್ಲಿ ‘ಗಾನ್ ವಿತ್ ದ ವಿಂಡ್’ ಕಾದಂಬರಿಯೂ 1939ರಲ್ಲಿ ಅದರ ಚಲನಚಿತ್ರವೂ ಬಂದ ಮೇಲೆ ಈ ಕಲ್ಪನೆ ಜಗತ್ತಿನ ಮೂಲೆ ಮೂಲೆಗೂ ಹಬ್ಬಿತು. ಇದೇ ನ್ಯಾಚೆಜ್‌ನ ಅಂಚಿನಲ್ಲಿ ‘ಫೋರ್ಕ್ಸ್ ಆಫ್ ದ ರೋಡ್’ ಎಂಬ, ಆ ಕಾಲದ ದಕ್ಷಿಣದ ಅತಿ ದೊಡ್ಡ ಗುಲಾಮರ ಸಂತೆಗಳಲ್ಲಿ ಒಂದಾದ ಜಾಗವಿದೆ. ಅದು ರಾಷ್ಟ್ರೀಯ ಉದ್ಯಾನ ವ್ಯವಸ್ಥೆಯೊಳಗೆ ಸೇರಿದ್ದು 2021ರಲ್ಲಿ. ಮನೆಗಳಿಗೂ ಸಂತೆಗೂ ಸಿಕ್ಕ ಮನ್ನಣೆಯ ನಡುವೆ ಸುಮಾರು ತೊಂಬತ್ತು ವರ್ಷಗಳ ಅಂತರ.

ನೋಡಲು ಬಂದವರು ತಂಗಲೂ ಬರುವಂತೆ ಮಾಡಿದ್ದರಲ್ಲಿ ತೆರಿಗೆ ನೀತಿಗೂ ಪಾತ್ರವಿದೆ. ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಅಮೆರಿಕದ ಕೇಂದ್ರ ಸರ್ಕಾರ 1976ರಿಂದ ತೆರಿಗೆ ರಿಯಾಯಿತಿ ನೀಡುತ್ತಿದೆ. ಆದರೆ ಅದು ಸಲ್ಲುವುದು ವರಮಾನ ತರುವ ಕಟ್ಟಡಗಳಿಗೆ ಮಾತ್ರ, ಮಾಲೀಕನ ಸ್ವಂತ ವಾಸದ ಮನೆಗಲ್ಲ. ಅರವತ್ತು ಕೋಣೆಗಳ ಮರದ ಮನೆಯ ಬಣ್ಣ, ಚಾವಣಿ, ಗೆದ್ದಲು ನಿವಾರಣೆಯ ಖರ್ಚನ್ನು ಪ್ರವೇಶ ಶುಲ್ಕವೊಂದೇ ಹೊರಲಾರದು. ಹೀಗಾಗಿ ಮನೆ ವಸತಿಗೃಹವಾಯಿತು; ವಸತಿಗೃಹ ಮದುವೆ ಮಂಟಪವಾಯಿತು. ಮದುವೆಗೆ ಬಂದವರ ಮುಂದೆ ಚಾಟಿಯೇಟಿನ ಕಥೆ ಹೇಳುವುದು ವ್ಯಾಪಾರಕ್ಕೆ ಹಿತವಲ್ಲ. ಮೌನ ಹುಟ್ಟಿದ್ದು ದುರುದ್ದೇಶದಿಂದಲೇ ಎಂದು ಹೇಳಬೇಕಾಗಿಲ್ಲ. ಎಷ್ಟೋ ಕಡೆ ಅದು ಲೆಕ್ಕಪತ್ರದಿಂದಲೇ ಹುಟ್ಟಿದೆ.

ಆದರೆ ಆ ಮೌನ ಎಲ್ಲಿಗೆ ಮುಟ್ಟಬಹುದೆಂಬುದು 2022ರಲ್ಲಿ ಬಯಲಾಯಿತು. ಮಿಸಿಸಿಪ್ಪಿಯ ಗ್ರೀನ್‌ವಿಲ್ ಬಳಿಯ ಒಂದು ಪುಟ್ಟ ಮನೆ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗಿತ್ತು. ಅದು 1830ರ ದಶಕದ ಗುಲಾಮರ ಗುಡಿಸಲು ಎಂದು ಜಾಹೀರಾತೇ ಹೇಳುತ್ತಿತ್ತು. ಒಳಗೆ ನಯವಾದ ಹಾಸಿಗೆ, ಹೊಳೆಯುವ ಸ್ನಾನಗೃಹ. ಅತಿಥಿಗಳ ಮೆಚ್ಚುಗೆಯ ಮಾತುಗಳೂ ಇದ್ದವು. ನ್ಯೂ ಆರ್ಲಿಯನ್ಸ್‌ನ ಕಪ್ಪು ಜನಾಂಗದ ವಕೀಲರೊಬ್ಬರು ಇದರ ಬಗ್ಗೆ ಮಾಡಿದ ಕಿರುಚಿತ್ರ ಲಕ್ಷಾಂತರ ಜನರನ್ನು ತಲುಪಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಅಮೆರಿಕದಲ್ಲಿ ಹಿಂದೆ ಗುಲಾಮರ ವಸತಿಗಳಾಗಿದ್ದ ಕಟ್ಟಡಗಳನ್ನು ತನ್ನ ಪಟ್ಟಿಯಿಂದ ತೆಗೆಯುವುದಾಗಿ ಘೋಷಿಸಿತು. ಇದಕ್ಕೆ ಮೂರು ವರ್ಷ ಮೊದಲು, 2019ರ ಡಿಸೆಂಬರ್‌ನಲ್ಲಿ, ‘ಕಲರ್ ಆಫ್ ಚೇಂಜ್’ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಒತ್ತಾಯದ ಮೇರೆಗೆ ಪಿಂಟರೆಸ್ಟ್ ಮತ್ತು ‘ದ ನಾಟ್’ ಜಾಲತಾಣಗಳು ಪ್ಲಾಂಟೇಷನ್ ಮದುವೆಗಳನ್ನು ರಮ್ಯವಾಗಿ ಬಿಂಬಿಸುವುದನ್ನು ನಿಯಂತ್ರಿಸಲು ಒಪ್ಪಿದ್ದವು. 2012ರಲ್ಲಿ ಸೌತ್ ಕ್ಯಾರೊಲಿನಾದ ಬೂನ್ ಹಾಲ್ ತೋಟದಲ್ಲಿ ಮದುವೆಯಾಗಿದ್ದ ನಟ ರಯನ್ ರೆನಾಲ್ಡ್ಸ್ 2020ರಲ್ಲಿ ಅದಕ್ಕಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಮದುವೆಯ ಜಾಗ ಆಯ್ಕೆ ಮಾಡುವಾಗ ತಮಗೆ ಕಂಡದ್ದು ಪಿಂಟರೆಸ್ಟಿನ ಒಂದು ಚಿತ್ರ ಮಾತ್ರ ಎಂಬುದು ಅವರ ಮಾತಿನ ಸಾರ.

ಕಂಪನಿಗಳು ಪಟ್ಟಿಯಿಂದ ಹೆಸರು ತೆಗೆದರೆ ಪ್ರಶ್ನೆ ಮುಗಿಯುವುದೇ? ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಪಟ್ಟಣವನ್ನು ನೋಡಿದರೆ ಅದು ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಬ್ಲೂಸ್ ಸಂಗೀತದ ತವರೆನಿಸಿದ ಡೆಲ್ಟಾ ಪ್ರದೇಶದ ಈ ಬಡ ಪಟ್ಟಣದ ಹೊರವಲಯದಲ್ಲಿ ಹಾಪ್ಸನ್ ಎಂಬ ಹತ್ತಿ ತೋಟವಿದೆ. 1944ರಲ್ಲಿ ಬಿತ್ತನೆಯಿಂದ ಅಂಡಿಗೆ ಕಟ್ಟುವವರೆಗೆ ಪೂರ್ತಿಯಾಗಿ ಯಂತ್ರಗಳಿಂದಲೇ ಹತ್ತಿ ಬೆಳೆದ ಮೊದಲ ತೋಟವೆಂದು ಅದಕ್ಕೆ ಖ್ಯಾತಿ. ಯಂತ್ರ ಬಂದ ಮೇಲೆ ಪಾಲಿಗೆ ದುಡಿಯುತ್ತಿದ್ದ ಕಪ್ಪು ಕುಟುಂಬಗಳು ಅಲ್ಲಿ ಬೇಡವಾದವು. 1910ರಿಂದ 1970ರವರೆಗೆ ದಕ್ಷಿಣವನ್ನು ತೊರೆದು ಶಿಕಾಗೊ, ಡೆಟ್ರಾಯಿಟ್‌ಗಳ ಕಡೆ ಹೋದ ಕಪ್ಪು ಜನರ ಸಂಖ್ಯೆ ಸುಮಾರು 60 ಲಕ್ಷ. ಅಂಥವರು ಬಿಟ್ಟುಹೋದ ಬಗೆಯ ತಗಡಿನ ಚಾವಣಿಯ ಹಲಗೆ ಗುಡಿಸಲುಗಳೇ ಇಂದು ಹಾಪ್ಸನ್‌ನಲ್ಲಿ ‘ಷ್ಯಾಕ್ ಅಪ್ ಇನ್’ ಎಂಬ ವಸತಿಗೃಹ. ಸಂಗೀತಪ್ರಿಯ ದಂಪತಿಗಳು ದೇಶ ವಿದೇಶಗಳಿಂದ ಅಲ್ಲಿಗೆ ಬರುತ್ತಾರೆ.

ಇದನ್ನು ಬಡತನದ ಪ್ರದರ್ಶನವೆಂದು ಖಂಡಿಸುವುದು ಸುಲಭ. ಆದರೆ ಅದು ಬಿಳಿ ಕಂಬಗಳ ಸುಳ್ಳು ವೈಭವವನ್ನು ಮಾರುತ್ತಿಲ್ಲ. ಪಾಲು ಬೇಸಾಯದ ಮನೆ ಹೇಗಿತ್ತೆಂದು ತೋರಿಸುತ್ತಿದೆ. ಉದ್ಯೋಗವಿಲ್ಲದ ಊರಿಗೆ ಗಿರಾಕಿಗಳನ್ನು ತರುತ್ತಿದೆ. ಈ ವಾದದಲ್ಲಿ ಹುರುಳಿದೆ. ಆದರೆ ಅದೇ ಊರಿನ ಇನ್ನೊಂದು ವಸತಿಗೃಹದ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ರಿವರ್‌ಸೈಡ್ ಹೋಟೆಲ್ ಮೊದಲು ಕಪ್ಪು ಜನರ ಆಸ್ಪತ್ರೆಯಾಗಿತ್ತು. ಗಾಯಕಿ ಬೆಸ್ಸಿ ಸ್ಮಿತ್ 1937ರಲ್ಲಿ ಕಾರು ಅಪಘಾತದ ನಂತರ ಕೊನೆಯುಸಿರೆಳೆದದ್ದು ಅಲ್ಲಿಯೇ. 1944ರಲ್ಲಿ ಅದು ಕಪ್ಪು ಕುಟುಂಬವೊಂದರ ಒಡೆತನದ ಹೋಟೆಲಾಯಿತು. ಬೇರೆಲ್ಲೂ ಕೋಣೆ ಸಿಗದ ಸಂಗೀತಗಾರರಿಗೆ ನೆಲೆ ಕೊಟ್ಟಿತು; ಐಕ್ ಟರ್ನರ್ ಅಲ್ಲಿದ್ದವರು. 2020ರ ಬಿರುಗಾಳಿಯಲ್ಲಿ ಅದು ಹಾನಿಗೊಂಡಿತು. 2021ರಲ್ಲಿ ಅಮೆರಿಕದ ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಕಪ್ಪು ಜನರ ಗುಡಿಸಲು ಲಾಭ ತಂದಿತು. ಕಪ್ಪು ಜನರೇ ಮಾಲೀಕರಾಗಿದ್ದ ಹೋಟೆಲು ಅಳಿವಿನಂಚಿನ ಪಟ್ಟಿಯಲ್ಲಿ ಕಾಣಿಸಿತು. ಸ್ಮರಣೆಯ ಮಾರುಕಟ್ಟೆಯಲ್ಲಿ ಬಂಡವಾಳ ಯಾರ ಕೈಯಲ್ಲಿದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇಲ್ಲಿ ಇನ್ನೂ ಒಂದು ಸಂಗತಿಯನ್ನು ನೆನೆಯಬೇಕು. ದಕ್ಷಿಣದ ಹಳ್ಳಿಗಾಡಿನಲ್ಲಿ ಜೋಡಿಯೊಂದು ತನಗೆ ಬೇಕಾದ ಕೋಣೆಯನ್ನು ಆರಿಸಿಕೊಳ್ಳುವುದು ಎಂಬುದೇ ಎಲ್ಲರಿಗೂ ಇದ್ದ ಹಕ್ಕಲ್ಲ. ಹಾರ್ಲೆಮ್‌ನ ಅಂಚೆಪೇದೆ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಆರಂಭಿಸಿ, ಮೂರು ದಶಕಗಳ ಕಾಲ ಪ್ರಕಟವಾದ ‘ಗ್ರೀನ್ ಬುಕ್’ ಎಂಬ ಕೈಪಿಡಿ ಹುಟ್ಟಿದ್ದೇ ಕಪ್ಪು ಪ್ರಯಾಣಿಕರು ಅವಮಾನವಿಲ್ಲದೆ ಎಲ್ಲಿ ಮಲಗಬಹುದು ಎಂದು ತಿಳಿಸಲು. 1958ರಲ್ಲಿ ವರ್ಜೀನಿಯಾದ ಗ್ರಾಮೀಣ ಭಾಗದಲ್ಲಿ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಎಂಬ ನವದಂಪತಿಯನ್ನು ಪೊಲೀಸರು ನಡುರಾತ್ರಿ ಮಲಗುವ ಕೋಣೆಗೆ ನುಗ್ಗಿ ಬಂಧಿಸಿದರು. ಅವನು ಬಿಳಿಯ, ಅವಳು ಅಲ್ಲ ಎಂಬುದೇ ಅಪರಾಧ. ಇಂಥ ವಿವಾಹ ನಿಷೇಧಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದಾಗ, ಕಪ್ಪು ಅತಿಥಿಗಳಿಗೆ ಕೋಣೆ ಕೊಡಲಾರೆ ಎಂದು 216 ಕೋಣೆಗಳ ‘ಹಾರ್ಟ್ ಆಫ್ ಅಟ್ಲಾಂಟ’ ಮೋಟೆಲು ಸುಪ್ರೀಂ ಕೋರ್ಟಿನ ತನಕ ಹೋಗಿ ಅದೇ ವರ್ಷದ ಡಿಸೆಂಬರಿನಲ್ಲಿ ಸೋತಿತು. ಇಂದು ಭಾರತೀಯ ದಂಪತಿಯೊಂದು ಜಾರ್ಜಿಯಾದ ಯಾವುದೇ ವಸತಿಗೃಹದ ಬಾಗಿಲು ತಟ್ಟಬಹುದಾದರೆ ಅದರ ಹಿಂದೆ ಕಪ್ಪು ಜನರ ಈ ಹೋರಾಟದ ಋಣವಿದೆ.

ಭಾರತೀಯರ ಋಣ ಅಲ್ಲಿಗೇ ಮುಗಿಯುವುದಿಲ್ಲ. ದಕ್ಷಿಣದ ಸಣ್ಣ ಊರುಗಳ ಹೆದ್ದಾರಿ ಮೋಟೆಲುಗಳನ್ನು 1970ರ ದಶಕದಿಂದ ಕೊಂಡು ನಡೆಸಿದವರಲ್ಲಿ ಗುಜರಾತಿನ ಪಟೇಲರು ಪ್ರಮುಖರು. ಅವರಿಗೆ ವಿಮೆ, ಸಾಲ ನಿರಾಕರಿಸಿದ್ದುಂಟು. ಎದುರಿನ ಮೋಟೆಲಿನವರು ‘ಅಮೆರಿಕನ್ನರ ಒಡೆತನದ್ದು’ ಎಂದು ಫಲಕ ಹಾಕಿಕೊಂಡದ್ದೂ ಉಂಟು. ಅದನ್ನೆದುರಿಸಲು ಕಟ್ಟಿದ ಸಂಘಟನೆ ಇಂದು ಅಟ್ಲಾಂಟದಲ್ಲಿ ಕೇಂದ್ರ ಕಚೇರಿಯಿರುವ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ. ಅಮೆರಿಕದ ಹೋಟೆಲುಗಳಲ್ಲಿ ಸುಮಾರು ಶೇ 60ರಷ್ಟು ತನ್ನ ಸದಸ್ಯರವೆಂದು ಅದು ಹೇಳಿಕೊಳ್ಳುತ್ತದೆ. ‘ವಿಶಿಷ್ಟ’ವಲ್ಲವೆಂದು ನಾವು ದಾಟಿಹೋಗುವ ಆ ಸಾಧಾರಣ ಮೋಟೆಲಿಗೂ ಒಂದು ಇತಿಹಾಸವಿದೆ, ಬಹುಶಃ ಬಂಗಲೆಯ ಇತಿಹಾಸಕ್ಕಿಂತ ಹೆಚ್ಚು ಗೌರವಾರ್ಹವಾದ ಇತಿಹಾಸ.

ಹಾಗಾದರೆ ಈ ಬಂಗಲೆಗಳನ್ನೆಲ್ಲ ಮುಚ್ಚಬೇಕೆ? ಸುಟ್ಟುಹೋದರೆ ಒಳ್ಳೆಯದಾಯಿತು ಎನ್ನಬೇಕೆ? ನಾಟೊವೆಯ ಬೆಂಕಿಗೆ ಸಂಭ್ರಮಿಸಿದವರ ನೋವು ಅರ್ಥವಾಗುವಂಥದ್ದು. ಆದರೂ ಆ ಇಟ್ಟಿಗೆ, ಮರಮುಟ್ಟು ಗುಲಾಮರ ಕೈಕೆಲಸವೂ ಹೌದು. ಕಟ್ಟಡ ಅಳಿದರೆ ಸಾಕ್ಷ್ಯವೂ ಅಳಿಯುತ್ತದೆ. ಅಷ್ಟೇ ಅಲ್ಲ, ಪರ್ಯಾಯ ಮಾರ್ಗವಿದೆ ಎಂಬುದನ್ನು ಅದೇ ನದಿಯ ಅದೇ ದಂಡೆ ತೋರಿಸಿಕೊಟ್ಟಿದೆ. ನ್ಯೂ ಆರ್ಲಿಯನ್ಸ್‌ನ ವಕೀಲ ಜಾನ್ ಕಮ್ಮಿಂಗ್ಸ್ ಸ್ವಂತ ಹಣ ಹಾಕಿ 2014ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ವಿಟ್ನಿ ತೋಟದಲ್ಲಿ ಮದುವೆಗಳಿಲ್ಲ. ಅಲ್ಲಿ ಕಥೆ ಆರಂಭವಾಗುವುದು ಧಣಿಯ ದಿವಾನಖಾನೆಯಿಂದಲ್ಲ, ದುಡಿದವರಿಂದ. ಕರಿಕಲ್ಲಿನ ಫಲಕಗಳ ಮೇಲೆ ಲೂಸಿಯಾನದ 1,07,000 ಗುಲಾಮರ ಹೆಸರುಗಳನ್ನು ಕೆತ್ತಲಾಗಿದೆ.

ಇನ್ನೊಂದು ದಾರಿ ಜೋಸೆಫ್ ಮೆಕ್‌ಗಿಲ್ ಅವರದು. ಸೌತ್ ಕ್ಯಾರೊಲಿನಾದ ಈ ಕಪ್ಪು ಇತಿಹಾಸ ಸಂರಕ್ಷಕ 2010ರಿಂದ ಹಳೆಯ ಗುಲಾಮರ ಗುಡಿಸಲುಗಳಲ್ಲಿ ರಾತ್ರಿ ಕಳೆಯುತ್ತಿದ್ದಾರೆ. ನೆಲದ ಮೇಲೆ ಮಲಗುತ್ತಾರೆ. ಜೊತೆಗೆ ಬಂದ ಬಿಳಿಯರು, ಕಪ್ಪು ಜನರು ಬೆಂಕಿಯ ಸುತ್ತ ಕುಳಿತು ಮಾತನಾಡುತ್ತಾರೆ. ಗ್ರೀನ್‌ವಿಲ್‌ನ ಬಾಡಿಗೆ ಮನೆಯಲ್ಲಿ ಮಲಗಿದವರೂ ಗುಡಿಸಲಿನಲ್ಲೇ ಮಲಗಿದವರು. ಮೆಕ್‌ಗಿಲ್ ಮಲಗಿದ್ದೂ ಅಂಥ ಗುಡಿಸಲಿನಲ್ಲೇ. ಒಂದು ಕಡೆ ಹಳೆಯ ವಾಸಿಗಳನ್ನು ಮರೆಯಲು ಎಲ್ಲ ಅನುಕೂಲವನ್ನೂ ಮಾಡಿಕೊಡಲಾಗಿತ್ತು; ಇನ್ನೊಂದು ಕಡೆ ನೆನೆಯುವುದೇ ಉದ್ದೇಶವಾಗಿತ್ತು. ಜಾಗದಲ್ಲಿ ದೋಷವಿಲ್ಲ, ಅಲ್ಲಿ ತಂಗುವ ಬಗೆಯಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ಈ ವ್ಯತ್ಯಾಸ ಇಂದು ಹೆಚ್ಚು ಮಹತ್ವದ್ದಾಗಿದೆ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶವೊಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳೂ ಕೇಂದ್ರದ ಅಧೀನದ ಸ್ಮಾರಕಗಳೂ ಇತಿಹಾಸವನ್ನು ಹೇಳುವ ರೀತಿಯನ್ನೇ ಪ್ರಶ್ನಿಸಿತು. ದೇಶವನ್ನು ಹೀಗಳೆಯುವ ಕಥನ ಬೇಡ ಎಂಬುದು ಅದರ ಧೋರಣೆ. ಸರ್ಕಾರಿ ಫಲಕಗಳು ಮಾತು ಕಡಿಮೆ ಮಾಡಿದಷ್ಟೂ ಖಾಸಗಿ ಬಂಗಲೆಯ ಮಾಲೀಕ ಹೇಳುವ ಕಥೆಯೇ ಅನೇಕರು ಕೇಳುವ ಏಕೈಕ ಇತಿಹಾಸ ಪಾಠವಾಗುತ್ತದೆ. ವಸತಿಗೃಹದ ಆಯ್ಕೆ ಕೇವಲ ರುಚಿಯ ವಿಷಯವಾಗಿ ಉಳಿಯುವುದಿಲ್ಲ. ಅದು ಯಾವ ಕಥೆಗೆ ದುಡ್ಡು ಕೊಡುತ್ತೇವೆ ಎಂಬ ವಿಷಯವೂ ಆಗುತ್ತದೆ.

ದೂರದ ದೇಶದ ಈ ತಕರಾರು ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿನ ನವದಂಪತಿಗಳು ವಾರಾಂತ್ಯಕ್ಕೆ ಓಡುವುದು ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆಗೆ. ಅಲ್ಲಿಯೂ ಮಾರಾಟವಾಗುವುದು ‘ಪ್ಲಾಂಟರ್ಸ್ ಬಂಗಲೆ’ಯ ಸೊಗಸು: ಕೆಂಪು ನೆಲ, ಮಂಗಳೂರು ಹೆಂಚು, ಒಲೆಗೂಡಿನ ಬೆಂಕಿ, ಜಗಲಿಗೆ ಬರುವ ಕಾಫಿ. ಯೂರೋಪಿಯನ್ನರು 1850ರ ದಶಕದಲ್ಲಿ ಕೊಡಗಿನಲ್ಲಿ ಕಾಫಿ ತೋಟಗಳನ್ನು ತೆರೆದಾಗ ಕಾಡು ಕಡಿದವರು, ಗಿಡ ನೆಟ್ಟವರು ಬಯಲುಸೀಮೆಯಿಂದ, ಮಲಬಾರಿನಿಂದ ಬಂದ ಕೂಲಿಗಳು ಮತ್ತು ಅಲ್ಲಿಯವರೇ ಆದ ಯರವ, ಕುರುಬ ಸಮುದಾಯದವರು. ಬಂಗಲೆಯಿಂದ ಒಂದಿಷ್ಟು ದೂರದಲ್ಲಿ, ಅತಿಥಿಯ ಕಣ್ಣಿಗೆ ಬೀಳದಂತೆ ಇರುವುದೇ ‘ಲೈನ್ ಮನೆ’. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಕೆಲಸಕ್ಕೆ ಅಂಟಿಕೊಂಡ ಮನೆ ಕೆಲಸ ಬಿಟ್ಟ ದಿನ ಉಳಿಯುವುದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ನಡೆದ ಹೋರಾಟವನ್ನು ನಾವು ಕಂಡಿದ್ದೇವೆ. ಅವರಲ್ಲಿ ಅನೇಕರು ತೋಟಗಳ ಲೈನ್ ಮನೆಗಳಿಂದ ಹೊರಬಂದು ಸ್ವಂತದ್ದೊಂದು ತುಂಡು ನೆಲ ಬಯಸಿದವರು.

ಅಮೆರಿಕದ ಗುಲಾಮಗಿರಿಯನ್ನೂ ನಮ್ಮ ತೋಟದ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಲ್ಲಿ ಮನುಷ್ಯರೇ ಕ್ರಯ ವಿಕ್ರಯದ ಸರಕಾಗಿದ್ದರು. 1860ರ ಜನಗಣತಿಯಲ್ಲಿ ಅಂಥವರ ಸಂಖ್ಯೆ ಸುಮಾರು 40 ಲಕ್ಷ. ಅಲ್ಲದೆ ನಮ್ಮ ಹೋಂಸ್ಟೇಗಳಲ್ಲಿ ಹೆಚ್ಚಿನವು ಕಾಫಿ, ಮೆಣಸಿನ ಬೆಲೆಯ ಏರಿಳಿತದಲ್ಲಿ ನಲುಗಿದ ಸಣ್ಣ ಬೆಳೆಗಾರರ ಆಸರೆಗಳು. ಆದರೂ ದುಡಿದವರನ್ನು ಚಿತ್ರದಿಂದ ಹೊರಗಿಟ್ಟು ನೆರಳು, ಮಂಜು, ಮೌನವನ್ನಷ್ಟೇ ಮಾರುವ ಅಭ್ಯಾಸ ಎರಡೂ ಕಡೆ ಒಂದೇ. ಅಮೆರಿಕನ್ನರು ಕನಿಷ್ಠ ಜಗಳವಾಡುತ್ತಿದ್ದಾರೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಯಾರೂ ಕೇಳಿಲ್ಲ.

ವಿಹಾರಕ್ಕೆ ಹೊರಟ ದಂಪತಿ ಪಶ್ಚಾತ್ತಾಪದ ವ್ರತ ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ. ಪ್ರೀತಿಸುವವರಿಗೆ ಎರಡು ದಿನದ ಏಕಾಂತ ಬೇಕು. ಒಳ್ಳೆಯ ಹಾಸಿಗೆಯೂ ಬೇಕು. ಆದರೆ ಕೋಣೆ ಕಾದಿರಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳುವುದರಿಂದ ಆ ಏಕಾಂತಕ್ಕೆ ಭಂಗ ಬರುವುದಿಲ್ಲ. ಈ ಮನೆಯನ್ನು ಯಾರ ದುಡಿಮೆ ಕಟ್ಟಿತು? ಅವರು ಎಲ್ಲಿ ಮಲಗುತ್ತಿದ್ದರು? ಅವರ ಹೆಸರು ಇಲ್ಲಿ ಎಲ್ಲಾದರೂ ಬರೆದಿದೆಯೇ? ನಾನು ಕೊಡುವ ಹಣದಲ್ಲಿ ಅವರ ಮಕ್ಕಳು, ಮೊಮ್ಮಕ್ಕಳಿಗೆ ಏನಾದರೂ ಸೇರುತ್ತದೆಯೇ? ಇವುಗಳಿಗೆ ನೇರ ಉತ್ತರ ಕೊಡುವ ಮಾಲೀಕ ಲೂಸಿಯಾನದಲ್ಲಿದ್ದರೂ ಕೊಡಗಿನಲ್ಲಿದ್ದರೂ ಅವನ ಮನೆ ತಂಗಲು ಯೋಗ್ಯವಾದುದೇ. ಪ್ರಶ್ನೆ ಕೇಳಿದ ಕೂಡಲೇ ಮರಗಳ ಕಡೆ ಕೈ ತೋರಿಸುವವನ ಮನೆಯಲ್ಲಿ, ಅದೆಷ್ಟೇ ವಿಶಿಷ್ಟವಾಗಿದ್ದರೂ, ನೆಮ್ಮದಿಯ ನಿದ್ದೆ ಬರುವುದು ಕಷ್ಟ.